ಎಡಗಡೆಯ ಸ್ಪೀಕರ್

ಯಶೋಧರಾ,

ಈ ಕಾಗದ ನಿನಗೆ ತಲುಪುವುದಿಲ್ಲ, ಗೊತ್ತು. ಆದರೂ ಹೇಳದೆ ಇರಲಾರೆ. ನೀನು ತೀರಿಕೊಂಡ ಮೇಲೆ ಕಾರು ಸುಮ್ಮನೆ ನಿಂತಿತ್ತು, ಮಾರಿಬಿಟ್ಟೆ. ಸ್ಟೀರಿಯೋ ಮಾತ್ರ ಕೊಡಲಿಲ್ಲ. ಸ್ಪೀಕರ್‌ಗಳ ಸಮೇತ ಬಿಚ್ಚಿಸಿ ಪಡಸಾಲೆಗೆ ತಂದೆ. ಅದಕ್ಕೆ ಹನ್ನೆರಡು ವೋಲ್ಟ್ ಬೇಕಂತೆ. ಕಾಲೇಜಿನಲ್ಲಿ ಓಮ್ಸ್ ಲಾ ಬಾಯಿಪಾಠವಿತ್ತು. ಈಗ 'ಕರೆಂಟ್ ಈಸ್ ಡೈರೆಕ್ಟ್ಲಿ' ಎಂಬಲ್ಲಿಗೇ ನಿಲ್ಲುತ್ತದೆ. ಇರಲಿ, ಎಲೆಕ್ಟ್ರಿಷಿಯನ್ ಹುಲುಗೇಶನನ್ನು ಕರೆಸಿ, ಇನ್ವರ್ಟರಿನ ಬ್ಯಾಟರಿಗೇ ಜೋಡಿಸಿದೆ.

"ಇನ್ನ ಮನಿಗೆ ಗಾಲಿ ಹಚ್ಚೂದೊಂದು ಬಾಕಿ ಐತಿ ನೋಡ್ರಿ ಸಾರ್!" ಎಂದು ನಕ್ಕ.

ಹಾಡು ಬಂತು, ಎಡಗಡೆಯ ಸ್ಪೀಕರಿನಲ್ಲಿ ಮಾತ್ರ. ಬಲಗಡೆಯದು ಕೆಟ್ಟಿದೆ ಎಂದುಕೊಂಡೆ.

"ಎರಡೂ ಚಲೋ ಅದಾವ್ರಿ. ಬ್ಯಾಲೆನ್ಸ್ ಗುಂಡಿ ಪೂರ್ತಿ ಎಡಕ್ಕ ತಿರುವ್ಯಾರ, ಸದ್ದೆಲ್ಲಾ ಆ ಕಡೀಗೇ ಹೊಂಟೈತಿ. ಯಾರ್ರಿ ತಿರುವಿದ್ದು?"

ಸಿರುಗುಪ್ಪದ ನಿನ್ನ ತವರಿಗೆ ಹೋಗುವಾಗೆಲ್ಲ, ಹಾಡಿನ ಗದ್ದಲಕ್ಕೆ ಹಿಂದಿನ ಲಾರಿಯ ಹಾರ್ನ್ ಕೇಳಿಸುವುದಿಲ್ಲವೆಂದು ನಾನು ರೇಗುತ್ತಿದ್ದೆ. ಎಡಗಡೆ ಕೂತ ನೀನು ಸ್ಟೀರಿಯೋದ ಗುಂಡಿಗೆ ಕೈ ಚಾಚುತ್ತಿದ್ದೆ. ಸದ್ದು ಸಣ್ಣದು ಮಾಡುತ್ತೀಯೆಂದೇ ತಿಳಿದಿದ್ದೆ.

"ನಡುಕ್ಕ ತರ್ಲೇನ್ರಿ?" ಎಂದು ಹುಲುಗೇಶ ಗುಂಡಿಗೆ ಕೈ ಹಾಕಿದ.

"ಬ್ಯಾಡಪ್ಪ, ಮುಟ್ಟಬ್ಯಾಡ."

"ಹಂಗಾದ್ರ ಅರ್ಧಾ ಹಾಡಷ್ಟೇ ಕೇಳ್ತೀರೇನು?"

ಅವನು ಹೋದ ಮೇಲೆ ನನ್ನ ಕುರ್ಚಿಯನ್ನು ಎಡಗಡೆಗೆ ಎಳೆದುಕೊಂಡೆ. ಇನ್ನು ಮೇಲೆ ಇಲ್ಲೇ ಕೂರುತ್ತೇನೆ. ಹೊರಗೆ ನಮ್ಮ ಗಾಂಧಿನಗರದ ಲಾರಿಗಳು ಎಷ್ಟಾದರೂ ಹಾರ್ನ್ ಹೊಡೆದುಕೊಳ್ಳಲಿ.