ಸ್ಟ್ಯಾಂಡ್ ಮೇಲೆ ಅಳೆದ ಜಾಗ

4 ಮಾರ್ಚ್, ಸಂಜೆ

ಇವತ್ತೂ ಭಾವನ ಬೈಕಿನ ಹಿಂಭಾಗದ್ದೇ ಕೆಲಸ. ಉದ್ದ ಮಡ್‌ಗಾರ್ಡ್ ಬಿಚ್ಚಿದೆ. ನಂಬರ್ ಪ್ಲೇಟಿನ ದೊಡ್ಡ ಹೋಲ್ಡರ್, ಆನೆಕಿವಿಯಂಥ ಇಂಡಿಕೇಟರ್ — ಎಲ್ಲ ಮೂಲೆಗೆ. ಸೀಟಿನ ಕೆಳಗೆ ಪುಟ್ಟ ಬ್ರಾಕೆಟ್ ಮಾಡಿ ಪ್ಲೇಟನ್ನು ಅದಕ್ಕೇ ಕೂರಿಸಿದೆ. ಬೋಲ್ಟಿನ ತುದಿ ಟೈರಿನ ಕಡೆ ಚೂರು ಇಳಿದಿದೆ. ಕತ್ತರಿಸಬೇಕಿತ್ತು... ಕೈ ಹಾಕಿ ನೋಡಿದೆ, ನಡುವೆ ಅಂಗೈ ಆಡುವಷ್ಟು ಜಾಗ. ಬಿಟ್ಟೆ.

ಭಾವ ಬೈಕಿಗೆ ಸುತ್ತು ಹಾಕಿದ್ದೂ ಹಾಕಿದ್ದೇ. ಹೆಣ್ಣು ನೋಡಲು ಬಂದಾಗ ಅಕ್ಕನನ್ನೂ ಹೀಗೆ ನೋಡಿರಲಿಲ್ಲ.

"ಈಗ ನೋಡು, ಕ್ಷೌರ ಮಾಡಿಸ್ಕೊಂಡ ಮದುಮಗನ ಥರ ಇದೆ."

"ಕೆಸರು ಬಂದ್ರೆ ಸೀದಾ ಬೆನ್ನಿಗೇ ಹೊಡೆಯುತ್ತೆ ಭಾವ."

"ನನ್ನ ಬೆನ್ನಿಗಲ್ವಲ್ಲ, ನಿಮ್ಮಕ್ಕನ ಬೆನ್ನಿಗೆ."

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ನಿಮ್ಮ ಬಟ್ಟೆ ಒಗೆಯೋ ಕೈ ಯಾವುದು ಅಂತ ನೆನಪಿರಲಿ" ಅಂದಳು.

6 ಮಾರ್ಚ್, ಬೆಳಿಗ್ಗೆ

ಹೊರಟರು. ಎರಡು ಬದಿಗೂ ತುಂಬಿದ ಬ್ಯಾಗು, ಹಿಂದೆ ಅಕ್ಕ. ಬೆಟ್ಟ ಹತ್ತಿಳಿದು ಸಮುದ್ರದ ತನಕ ಹೋಗುತ್ತಾರಂತೆ. ಅಮ್ಮ ಗೇಟಿನ ಬಳಿ ನಿಂತು "ಮೆಲ್ಲಗೆ ಹೋಗ್ರಪ್ಪ" ಅಂದದ್ದು ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಹಿಂದಿನಿಂದ ನೋಡಿದೆ. ಬರೀ ಟೈರು, ಒಂದು ಕೆಂಪು ದೀಪ. ಚೆಂದ.

11 ಮಾರ್ಚ್, ಮಧ್ಯಾಹ್ನ

ಬೀದಿ ಕೊನೆಯ ಬೇಕರಿಯವರು ತಮ್ಮ ಬೈಕ್ ತಂದಿದ್ದರು. ಭಾವನ ಬೈಕ್ ನೋಡಿದ್ದರಂತೆ, ತಮ್ಮದಕ್ಕೂ ಹಾಗೇ ಆಗಬೇಕಂತೆ. ಗಂಡ ಹೆಂಡತಿ ಇಬ್ಬರೂ ಸೀಟೇರಿ ಕೂತರು. ನಾನು ಹಿಂದೆ ಕುಕ್ಕರಗಾಲಲ್ಲಿ. ಭಾರಕ್ಕೆ ಸೀಟು ಟೈರಿನತ್ತ ಕುಸಿಯಿತು. ಟೈರಿನ ಮೇಲಿದ್ದ ಜಾಗ ಮಾಯ...

ಭಾವನ ಬೈಕನ್ನು ಅಳೆದದ್ದು ಸ್ಟ್ಯಾಂಡ್ ಮೇಲೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿತ್ತು. ಯಾರನ್ನೂ ಕೂರಿಸಿ ನೋಡಲಿಲ್ಲ. ಇಬ್ಬರ ಭಾರ, ಬ್ಯಾಗು, ದಾರಿಯಲ್ಲೊಂದು ಗುಂಡಿ — ಬೋಲ್ಟಿನ ತುದಿ ಸೀದಾ ಟೈರಿಗೆ. ಉಳಿ ಹಿಡಿದ ಹಾಗೆ.

"ಯಾಕ್ರೀ ಮುಖ ಬಿಳಿಚ್ಕೊಂಡ್ತು?" ಅಂದರು ಬೇಕರಿಯವರು. "ನಮ್ಮ ತೂಕ ನೋಡಿ ಹೆದರಿದ್ರಾ?"

ಅವರನ್ನು ಇಳಿಸಿ ಫೋನ್ ಹುಡುಕಿದೆ.

ಅದೇ ದಿನ, ಸಂಜೆ

ಇಬ್ಬರ ಫೋನೂ ಸಿಗುತ್ತಿಲ್ಲ. ಒಟ್ಟಿಗೆ ಹತ್ತಬೇಡಿ, ಬೈಕ್ ಅಲ್ಲೇ ನಿಲ್ಲಿಸಿ ಎಂದು ಮೆಸೇಜ್ ಹಾಕಿದೆ. ಹೋಗಿಲ್ಲ. ಹುಡುಕಿಕೊಂಡು ಹೊರಡೋಣವೆಂದರೆ ಯಾವ ದಾರಿ ಹಿಡಿದಿದ್ದಾರೋ...

ಅಮ್ಮ ಮೊಬೈಲ್ ಹಿಡಿದು ಬಂದಳು. ಅಕ್ಕ ಬೆಳಿಗ್ಗೆ ಕಳಿಸಿದ ಫೋಟೊ, ಬೈಕಿನ ಹಿಂದಿನಿಂದ ತೆಗೆದದ್ದು.

"ಹೋದಲ್ಲೆಲ್ಲ ಜನ ನಿಂತು ನೋಡ್ತಾರಂತೆ ಕಣೋ."

ದೊಡ್ಡದು ಮಾಡಿ ನೋಡಿದೆ. ಟೈರಿನ ನಡುಮಧ್ಯೆ ಒಂದು ಗೀರು. ದಾರ ಸುತ್ತಿದ ಹಾಗೆ.

"ಯಾಕೋ, ಚೆನ್ನಾಗಿಲ್ವಾ?"

"ಚೆನ್ನಾಗಿದೆ ಅಮ್ಮ."

ಮೊಬೈಲ್ ಅವಳಿಗೆ ಕೊಟ್ಟು ಮತ್ತೆ ಅಕ್ಕನ ನಂಬರ್ ಒತ್ತಿದೆ.

12 ಮಾರ್ಚ್, ಬೆಳಿಗ್ಗೆ

ಅಕ್ಕನ ಫೋನ್ ಬಂತು. ಬರೀ ಗಾಳಿ ಸದ್ದು. ಬೆಟ್ಟದ ತುದಿಯಲ್ಲಿದ್ದಾರೆ. ಇನ್ನು ಇಳಿಯುವುದೇ.

"ಲೋ, ರಬ್ಬರ್ ಸುಟ್ಟ ವಾಸನೆ ಬರ್ತಿದೆ ಕಣೋ. ನಿಮ್ಮ ಭಾವ ಒಬ್ರೇ ಒಂದು ಸುತ್ತು ಓಡಿಸಿ ನೋಡಿದ್ರು, ಏನೂ ಇಲ್ಲ. ನಾನು ಕೂತ್ರೆ ಮಾತ್ರ ಬರುತ್ತೆ. ನೀನು ದಪ್ಪಗಾಗಿರೋದೇ ಕಾರಣ ಅಂತ ನಗ್ತಿದಾರೆ."

"ಅಕ್ಕ, ಹತ್ತಬೇಡ. ನೀನು ಹತ್ತಲೇಬೇಡ."

"ಏನು? ಕೇಳಿಸ್ತಿಲ್ಲ... ಇರು, ಕರೀತಿದಾರೆ. ಕೆಳಗೆ ಇಳಿದು ಮಾಡ್ತೀನಿ."

ಕಟ್ಟಾಯಿತು. ಮತ್ತೆ ಮಾಡಿದೆ. ಇಲ್ಲ. ಮತ್ತೆ... ಇಲ್ಲ.

ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ತನ್ನ ಫೋನ್ ತೆಗೆದಳು. ಅವಳೂ ಮಾಡುತ್ತಿದ್ದಾಳೆ, ನಾನೂ. ನಡುವೆ ಇದನ್ನು ಬರೆಯುತ್ತಿದ್ದೇನೆ, ಸುಮ್ಮನೆ ಕೂರಲಾಗುತ್ತಿಲ್ಲ.

ಅಮ್ಮ ಮಾಡಿದ ಕಾಲ್ ರಿಂಗ್ ಆಗುತ್ತಿದೆ. ಇಲ್ಲಿಗೇ ಕೇಳಿಸುತ್ತಿದೆ.

ಆ ಕಡೆ ಯಾರೋ ಎತ್ತಿದರು; ಅಕ್ಕನ ದನಿಯಲ್ಲ, ಭಾವನದೂ ಅಲ್ಲ. ಅಮ್ಮ ಕೇಳುತ್ತಿದ್ದಾಳೆ. ಗೋಡೆ ಹಿಡಿದು ಮೆಲ್ಲಗೆ ಕೂತಳು. ಏನಮ್ಮ... ಏನು