ಬಾಯಿಪಾಠದ ಉತ್ತರಗಳು

ಕೌನ್ಸೆಲರ್ ಮೇಡಂ ಅವರಿಗೆ,

ನಮಸ್ಕಾರ. ಮಗಳು ಆರಾಮಾಗಿದ್ದಾಳೆ, ಇನ್ನು ಕರೆತರಬೇಕಿಲ್ಲ ಎಂದು ನೀವು ಹೇಳಿದ್ದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ದಯವಿಟ್ಟು ಅವಳ ಫೈಲು ಮುಚ್ಚಬೇಡಿ.

ನಾನು ಟ್ಯೂಷನ್ ಟೀಚರ್. ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಟುತ್ತೀರೆಂದು ಹೆದರಿ, ನೀವು ಕೇಳಬಹುದಾದ ಪ್ರಶ್ನೆಗಳನ್ನು ಊಹಿಸಿ, ಪರೀಕ್ಷೆಗೆ ಮಾಡಿಸುವಂತೆ ಉತ್ತರ ಬಾಯಿಪಾಠ ಮಾಡಿಸಿದ್ದೆ. ‘ಭಯ ಆಗುತ್ತಾ?’ ಅಂದರೆ ‘ಇಲ್ಲ ಆಂಟಿ’. ‘ಅಪ್ಪ ನೆನಪಾಗ್ತಾರಾ?’ ಅಂದರೆ ‘ದಿನಾ ಫೋನ್ ಮಾಡ್ತಾರೆ’. ಜಾಣೆ, ಒಂದಕ್ಷರ ತಪ್ಪದೆ ಒಪ್ಪಿಸಿದಳು. ನೀವೂ ಫುಲ್ ಮಾರ್ಕ್ಸ್ ಕೊಟ್ಟುಬಿಟ್ಟಿರಿ. ಮನೆ ಬಿಟ್ಟು ಹೋದ ಅವಳಪ್ಪ ಫೋನ್ ಮಾಡಿ ಏಳು ತಿಂಗಳಾಯಿತು, ಮೇಡಂ.

ಈಗೀಗ ಶಾಲೆಯಿಂದ ಬಂದರೂ ಅವಳು ಶೂ ಬಿಚ್ಚುವುದಿಲ್ಲ. ಹಾಸಿಗೆಗೂ ಹಾಕಿಕೊಂಡೇ ಹೋಗುತ್ತಾಳೆ. ಯಾಕೆ ಎಂದು ಕೇಳಿದರೆ ‘ಸುಮ್ನೆ’ ಎನ್ನುತ್ತಾಳೆ. ನಾನೂ ಎದ್ದು ಹೋಗಿಬಿಟ್ಟರೆ ಹಿಂದೆ ಓಡಿಬರಲೆಂದೇನೋ.

ಮಂಗಳವಾರ ನಾಲ್ಕು ಗಂಟೆಗೇ ಮತ್ತೆ ಸಮಯ ಕೊಡಿ. ಈ ಸಲ ನಿಮ್ಮ ಕೋಣೆಯ ಬಾಗಿಲ ಸಂದಿಯಲ್ಲಿ ಅವಳಿಗೆ ನನ್ನ ಚಪ್ಪಲಿ ಕಾಣುವಷ್ಟು ಹತ್ತಿರ ಕೂರುವುದಿಲ್ಲ. ಗೇಟಿನ ಹತ್ತಿರವೇ ಇರುತ್ತೇನೆ. ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿ: ‘ಅಮ್ಮ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿರುವಾಗ ನೀನು ಹೊರಗೆ ಏನ್ ಮಾಡ್ತಿರ್ತೀಯ ಪುಟ್ಟಿ?’

ಅದರ ಉತ್ತರ ನಾನು ಹೇಳಿಕೊಟ್ಟಿಲ್ಲ. ನನಗೇ ಗೊತ್ತಿಲ್ಲ.

ಇಂತಿ,
ಅವಳ ಅಮ್ಮ