ಕತ್ತರಿಸಿಟ್ಟ ತುಂಡು

ಅವ್ವಾ,

ಮೊದಲೆಲ್ಲ ನನ್ನ ಕಾಗದ ಎರ್ರಣ್ಣ ಮಾಸ್ತರು ನಿನಗ ಓದಿ ಹೇಳ್ತಿದ್ರು. ಇದನ್ನ ನಮ್ಮೂರು ಸಿರಿಗೇರಿಗೆ ಕಳಸಂಗಿಲ್ಲ. ಕಳಿಸಿದ್ರ ಮಾಸ್ತರು ಯಾರಿಗೆ ಓದಬೇಕು?

ಇವತ್ತು ಬಳ್ಳಾರಿ ಟಾಕೀಸಿನಾಗ ಮ್ಯಾಟ್ನಿಗೆ ಒಂದು ಹಳೇ ಇಂಗ್ಲೀಷ್ ಪತ್ತೇದಾರಿ ಸಿನಿಮಾ ನೋಡಿದೆ. ಪೊಲೀಸ್ರು ಮನಿಯೆಲ್ಲ ಹುಡುಕಿ ಸೋತ್ರು. ಆ ಪತ್ತೇದಾರ ಮಾತ್ರ ಕಸದ ಬುಟ್ಟಿಗೆ ಕೈ ಹಾಕಿದ. ಬ್ಯಾಡಂತ ಬಿಸಾಕಿದ್ದ ಚೀಟಿಯೊಳಗ ಗುಟ್ಟೆಲ್ಲಾ ಇತ್ತು. ಆಟ ಮುಗಿಯೋತನಕ ನನಗ ಕೂಡಾಕ ಆಗಲಿಲ್ಲ. ಎದ್ದು ರೂಮಿಗೆ ಬಂದೆ.

ಹೋದ ಯುಗಾದಿಗೆ ನಾ ಕೆಲಸ ಮಾಡೋ ಸ್ಟುಡಿಯೋ ಮಾಲಕರ ಕ್ಯಾಮೆರಾ ತಂದು ನಿನ್ನ ಸಿನಿಮಾ ತೆಗೆದ್ನಲ್ಲ? ತುಂಬಿದ ಕೊಡ ಹೊರಿಸಿ ನಾಕು ಸಲ ನಡೆಸಿದೆ.

"ನಿನ್ನ ಡಬ್ಬಿಗೆ ಕೊಡದೊಳಗಿನ ನೀರು ಕಾಣತೈತೇನಲೇ? ಖಾಲಿ ಕೊಡ ಹೊರ್ತೀನಿ ತಗೋ" ಅಂತ ನಕ್ಕಿ.

"ನೀರು ತುಳುಕಬೇಕವ್ವ" ಅಂದೆ.

ನಾಕನೇ ಸಲ ಕೊಡ ಇಳಿಸಿ ಗ್ವಾಡಿ ಹಿಡಿದು ನಿಂತಿ. "ಕೆಡಿಸಿದಿ ನೋಡು" ಅಂತ ಬೈದೆ. ಆ ವಾರನೇ ಸ್ಟುಡಿಯೋದಾಗ ರೀಲು ಔಷಧದಾಗ ತೊಳೆದು, ನೀ ನಿಂತಿದ್ದ ಆ ತುಂಡು ಕತ್ತರಿಸಿ ಕಡ್ಡಿಪೆಟ್ಟಿಗಿಯೊಳಗ ಒಗೆದಿದ್ದೆ. ತಿಂಗಳು ತುಂಬೂದರೊಳಗ ಎದಿನೋವಂತ ನೀ ಹೋದಿ.

ಇವತ್ತು ಅದನ್ನ ತೆಗೆದು ಕಿಟಕಿ ಬಿಸಿಲಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ನಿನ್ನ ಒಂದು ಕೈ ಗ್ವಾಡಿಗೆ ಐತಿ, ಇನ್ನೊಂದು ಎದಿಗೆ ಐತಿ. ನನ್ನ ಕಡೀನೇ ನೋಡಿ ಬಾಯಿ ತೆರೆದು ಏನೋ ಹೇಳಾಕ ಹತ್ತೀದಿ.

ಆ ಕ್ಯಾಮೆರಾಕ ಕಿವಿ ಇಲ್ಲವ್ವ. ನಾನು ನಿನ್ನಿಂದ ನಾಕೇ ಮಾರು ದೂರದಾಗ ನಿಂತಿದ್ದೆ.